ಕ್ರೋಟನ್‌ಹೋಫಿನ ಗಡಿಗಲ್ಲು

ಕ್ರೋಟನ್‌ಹೋಫ್ ಎಂದರೆ ಐದು ಮನೆ, ಒಂದು ಲಿಂಡನ್ ಮರ, ಒಂದರ ನೀರು ಇನ್ನೊಂದಕ್ಕೆ ಇಳಿಯುವ ಮೂರು ಮೀನುಕೆರೆ. ಜರ್ಮನಿಯ ಎರ್ಲಾಂಗೆನ್ ಪೇಟೆಯಿಂದ ಹೊರಟ ಬಸ್ಸು ಅಲ್ಲಿಗೆ ಬಂದು ಮೂತಿ ತಿರುಗಿಸುತ್ತದೆ. ಆಚೆಗೆ ಪೈನ್ ಕಾಡು. ಮರಳು ನೆಲ. ಗೋಧಿಗೆ ಒಲ್ಲೆ ಎನ್ನುತ್ತದೆ, ರೈ ಮತ್ತು ಆಲೂಗಡ್ಡೆಗೆ ಮಾತ್ರ ಒಲಿಯುತ್ತದೆ.

ಕಂಪ್ಯೂಟರ್ ಕೆಲಸದವರಿಗೆಂದು ಜರ್ಮನಿ ಕೊಟ್ಟ ಗ್ರೀನ್ ಕಾರ್ಡ್ ಹಿಡಿದು ಬಂದ ಗಂಡ ಉದಯಕುಮಾರನಿಗೆ ಪೇಟೆಯಲ್ಲಿ ಬಾಡಿಗೆ ಮನೆ ಸಿಗದೆ, ಶ್ರೀದೇವಿ ಈ ಊರಲ್ಲಿ ಮಾರ್ಗಾ ಎಂಬ ವಿಧವೆ ಮುದುಕಿಯ ಮನೆಯ ಮಹಡಿಯ ಮೇಲೆ ಸಂಸಾರ ಹೂಡಿದ್ದಳು. ಗಂಡ ಕೆಲಸಕ್ಕೆ ಹೋದನೆಂದರೆ ಅವಳು ಕೆಳಗಿನ ಅಡುಗೆಮನೆಗೆ ಇಳಿಯುವಳು. ಮಾರ್ಗಾ ಆಲೂಗಡ್ಡೆ ಸುಲಿಯುತ್ತ ಊರಿನ ಕಥೆ ಹೇಳುವಳು. ಬಾಗಲಕೋಟೆ ಕಡೆಯ ಮಠದಲ್ಲಿ ಶ್ರಾವಣದ ಪುರಾಣ ಕೇಳುತ್ತ ಬೆಳೆದ ಶ್ರೀದೇವಿಗೆ ಕೇಳುವುದೂ ಒಂದು ವ್ರತವೇ. ಮೊದಮೊದಲು ಜರ್ಮನ್ನಿನ ಒಂದು ಮಾತೂ ತಿಳಿಯದಿದ್ದರೂ ಹೂಂಗುಟ್ಟುವ ಜಾಗ ಮಾತ್ರ ಅವಳಿಗೆ ತಪ್ಪಲಿಲ್ಲ.

ಹೂಂಗುಟ್ಟುತ್ತ ಹೂಂಗುಟ್ಟುತ್ತಲೇ ತಿಳಿಯತೊಡಗಿತು. ಸನ್ಯಾಸಿಗಳು ಜೌಗು ನೆಲ ಅಗೆದು ಕೆರೆ ಕಟ್ಟಿದ್ದು. ಮುನ್ನೂರು ಚಿಲ್ಲರೆ ವರ್ಷದ ಹಿಂದೆ, ಮೂವತ್ತು ವರ್ಷದ ಯುದ್ಧದಲ್ಲಿ ಊರು ಸುಟ್ಟು, ಬೊಗಳಲು ನಾಯಿಯೂ ಉಳಿಯದೆ, ಒಲೆಯೊಳಗೆ ಬರ್ಚ್ ಗಿಡ ಬೆಳೆದದ್ದು. ಆಮೇಲೆ, ನಮ್ಮ ಧರ್ಮ ಬಿಡೆವು ಎಂದು ಆಸ್ಟ್ರಿಯಾದಿಂದ ಹೊರಬಿದ್ದವರು ಬಂದು ಅದೇ ಬುನಾದಿಯ ಮೇಲೆ ಗೋಡೆ ಎತ್ತಿದ್ದು. ಮಾರ್ಗಾಳ ಗಂಡ ಅವರ ಕುಲದವನೇ. ಹೇಳುವಾಗ ಮುದುಕಿಯ ಕಣ್ಣು ಶ್ರೀದೇವಿಯ ಮುಖ ಬಿಟ್ಟು ಅತ್ತಿತ್ತ ಹೋಗುತ್ತಿರಲಿಲ್ಲ.

ಅಷ್ಟರಲ್ಲಿ ಎದುರುಮನೆಗೆ ನೇತ್ರಾ ಬಂದಳು. ಮೈಸೂರಿನವಳು, ಗಂಡ ಸುಮನ್‌ನಂತೆ ತಾನೂ ಸಾಫ್ಟ್‌ವೇರ್. ಜರ್ಮನ್ನನ್ನು ಕ್ಲಾಸಿನಲ್ಲಿ ಕಲಿತೇ ವಿಮಾನ ಹತ್ತಿದ್ದಳು. ಶನಿವಾರ ಬಂತೆಂದರೆ ಮಾರ್ಗಾಳನ್ನು ಅಪ್ಪಿಕೊಂಡು, ಕುರ್ಚಿ ಎಳೆದು ಕೂತು, "ಅದ್ಯಾಕೆ? ಆಮೇಲೇನಾಯ್ತು?" ಎಂದು ಕೆದಕುವಳು. ಮಾರ್ಗಾಳ ಮುಖ ಅತ್ತ ತಿರುಗಿಬಿಟ್ಟಿತು. ಶ್ರೀದೇವಿಯ ಹೂಂ ಗಾಳಿಗೆ ಹೋಗತೊಡಗಿತು.

"ಎರಡು ಚಳಿಗಾಲ ಹೂಂ ಅಂದಾಕಿ ನಾನು. ಆಕಿ ಮೊನ್ನಿ ಬಂದು ಎಲ್ಲಾ ಬಳಕೊಂಡು ಹೋದ್ಲು," ಎಂದು ಗಂಡನ ಮುಂದೆ ಹಲುಬಿದಳು.

"ಮುದುಕಿ ಸಲುವಾಗಿ ಹೊಟ್ಟಿಕಿಚ್ಚೇನ? ನನ್ನ ಸಲುವಾಗಿ ಎಂದರ ಹಿಂಗ ಉರಕೊಂಡೀಯೇನ?"

"ನಿಮ್ಮನ್ನ ಯಾರು ಕಸಗೊಳ್ತಾರ್ರಿ?"

ಅವಳು ಒಂದನ್ನೇ ನೆಚ್ಚಿಕೊಂಡಿದ್ದಳು: ಗಡಿ ಸುತ್ತುವ ಹಬ್ಬ. ಕೆಲವು ವರ್ಷಕ್ಕೊಮ್ಮೆ ಊರವರೆಲ್ಲ ಸೇರಿ ತಮ್ಮ ಸೀಮೆಯ ಕಲ್ಲುಗಳನ್ನು ನೋಡುತ್ತ ನಡೆಯುತ್ತಾರೆ. ಹೊಸದಾಗಿ ಬಂದವರನ್ನು ಇಬ್ಬರು ತೋಳು ಹಿಡಿದೆತ್ತಿ ಕಲ್ಲಿನ ಮೇಲೆ ಧೊಪ್ಪೆಂದು ಕುಕ್ಕುತ್ತಾರೆ. ಕೂರುವ ಜಾಗ ನೊಂದರೆ ಗಡಿ ಮರೆಯುವುದಿಲ್ಲ. ಅಂದಿನಿಂದ ಅವರೂ ಊರವರು. ಇದನ್ನು ಮಾರ್ಗಾ ಮೊದಲ ಚಳಿಗಾಲದಲ್ಲೇ ಹೇಳಿದ್ದಳು. ಮೊದಲು ಬಂದವಳಿಗೆ ಮೊದಲ ಕಲ್ಲು ಎಂದು ಶ್ರೀದೇವಿ ಒಳಗೊಳಗೇ ಎಣಿಕೆ ಹಾಕಿದ್ದಳು.

ಮೇ ತಿಂಗಳ ಬಿಸಿಲಿನಲ್ಲಿ ಹಬ್ಬ ಬಂತು. ಗಡಿ ಕಾಯುವ ಪ್ರಮಾಣ ಮಾಡಿದ ಹಿರಿಯ ಕೊನ್ರಾಡ್ ಮುಂದೆ, ಊರು ಹಿಂದೆ. ಮೊದಲ ಕಲ್ಲಿಗೆ ನೇತ್ರಾಳನ್ನು ಎತ್ತಿ ಕುಕ್ಕಿದರು, "ಅಯ್ಯಮ್ಮಾ!" ಎಂದು ಅವಳು ಕಿರುಚಿದ್ದಕ್ಕೆ ಕೆರೆಯ ಬಾತುಗಳೆಲ್ಲ ಹಾರಿದವು. ಎರಡನೆಯದಕ್ಕೆ ಸುಮನ್, ಮುಂದಿನದಕ್ಕೆ ಉದಯಕುಮಾರ. ಪ್ರತಿ ಸಲವೂ ಶ್ರೀದೇವಿ ಸೆರಗು ಬಿಗಿದು ನಿಂತಳು. ಪ್ರತಿ ಸಲವೂ ಕೊನ್ರಾಡ್ ಅವಳಿಗೆ ಟೊಪ್ಪಿಗೆ ತೆಗೆದು, ಬಳಸಿಕೊಂಡು ಮುಂದೆ ಹೋದ. ಅವಳ ಕಿವಿ ಕಾದವು. ನೇತ್ರಾಳ ರಟ್ಟೆ ಹಿಡಿದಳು.

"ನೀ ಏನರ ಹೇಳೀಯೇನ ಇವರಿಗೆ?"

"ಹೂಂ ಅಕ್ಕ, ಕೇಳಿದ್ರು. ಡಿಸೆಂಬರ್‌ನಲ್ಲಿ ನೀವು ಕಲ್ಲಿಗೆ ಪೂಜೆ ಮಾಡಿದ್ದನ್ನ ನೋಡಿದ್ರಂತಲ್ಲ? ಅಕ್ಕಂಗೆ ಅದು ದೇವ್ರು, ಮೇಲೆ ಕೂರಿಸಿದ್ರೆ ಬೇಜಾರಾಗತ್ತೆ ಅಂದೆ. ತಪ್ಪಾಯ್ತಾ?"

ಸುಳ್ಳೇನಲ್ಲ. ಎಳ್ಳ ಅಮಾಸಿಗೆ ಹಿಮದಲ್ಲಿ ನಿಂತು ಹೊಲಕ್ಕೆ ಎಡೆಯ ಚರಗ ಚೆಲ್ಲಿ, ಗಡಿಗಲ್ಲಿಗೆ ವಿಭೂತಿ ಹಚ್ಚಿ ಕೈಮುಗಿದಿದ್ದಳು. ಅಂಥ ಕಲ್ಲಿಗೆ ಕಾಲು ತಾಗಿದರೂ ಅವಳ ಊರ ಕಡೆ ಕೆನ್ನೆ ಬಡಿದುಕೊಳ್ಳುತ್ತಾರೆ. ಕೂರುವುದೆಂದರೇನು! ಆದರೆ ನೇತ್ರಾ ಕೂತಳು. ಕೂತು ಊರವಳಾದಳು. ತಾನು ಕೈಮುಗಿದು ಹೊರಗುಳಿದಳು. ಭಕ್ತಿಯ ಪಕ್ಕದಲ್ಲೇ ಆ ಉರಿಯೂ ಎದ್ದು ನಿಂತಿತು, ಮತ್ತು ಆ ಹೊತ್ತಿಗೆ ಉರಿಯೇ ಎತ್ತರವಾಗಿತ್ತು.

ಕಾಡಂಚಿನಲ್ಲಿ ಕೊನೆಯ ಕಲ್ಲು. ಕೊನ್ರಾಡ್ ಮತ್ತೆ ಟೊಪ್ಪಿಗೆಗೆ ಕೈ ಹಾಕಿದ. ಶ್ರೀದೇವಿ ಬಗ್ಗಿ ಕಲ್ಲು ಮುಟ್ಟಿ, ಬೆರಳನ್ನು ಕಣ್ಣಿಗೊತ್ತಿಕೊಂಡಳು. "ತಪ್ಪಾದ್ರ ಹೊಟ್ಟ್ಯಾಗ ಹಾಕ್ಕೊ, ನನ್ನಪ್ಪಾ," ಎಂದು ಕಲ್ಲಿಗೆ ಪಿಸುಗುಟ್ಟಿ, ತಿರುಗಿ ಜರ್ಮನ್ನಿನಲ್ಲಿ, "ನನ್ನನ್ನೂ ಎತ್ತಿ," ಎಂದಳು.

ಕೊನ್ರಾಡ್ ಹೌದೇ ಎನ್ನುವಂತೆ ನೇತ್ರಾಳ ಮುಖ ನೋಡಿದ.

"ಆಕಿನ್ನೇನ್ ನೋಡ್ತಿ? ನನ್ನ ನೋಡು!" ಎಂದು ಶ್ರೀದೇವಿ ಕನ್ನಡದಲ್ಲೇ ಗದರಿದಳು. ಅದು ಎಲ್ಲರಿಗೂ ತಿಳಿಯಿತು.

ಮಾರ್ಗಾ ನಗುತ್ತ ಬಂದು ಒಂದು ತೋಳು ಹಿಡಿದಳು. ಇನ್ನೊಂದಕ್ಕೆ ನೇತ್ರಾ ಬಂದಳು. ಬೇಡ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಶ್ರೀದೇವಿಯ ಕಾಲು ನೆಲ ಬಿಟ್ಟಿತು. ಹತ್ತಿಯ ಮೂಟೆ ಇಳಿಸಿದಂತೆ ಅವಳನ್ನು ಕಲ್ಲಿನ ಮೇಲೆ ಇಳಿಸಿದರು.

"ನೋವಾಗ್ಲಿಲ್ಲ ತಾನೆ ಅಕ್ಕ? ಮೆತ್ತಗೆ ಕೂರಿಸಿದ್ವಿ."

ಶ್ರೀದೇವಿ ಎದ್ದು ನಿಂತು ಸೆರಗು ಕೊಡವಿದಳು.

"ಮೆತ್ತಗ ಯಾಕ? ನಿನ್ನನ್ನ ಹಂಗ ಕೂಡಿಸಿದ್ರೇನು? ಇನ್ನೊಮ್ಮೆ ಎತ್ತ್ರಿ."

ಎತ್ತಿದರು. ಈ ಸಲ ಕೊನ್ರಾಡ್‌ನ ಹೆಂಡತಿಯೂ ಕೈಹಾಕಿದಳು. ಧೊಪ್ಪೆಂದಾಗ ಬೆನ್ನುಹುರಿಯುದ್ದಕ್ಕೂ ಸಿಡಿಲಾಡಿ ಶ್ರೀದೇವಿಯ ಕಣ್ಣಲ್ಲಿ ಬಳಬಳ ನೀರು ಬಂತು. ಊರು ಹೋ ಎಂದು ಕೂಗಿತು. ಅವಳು ತಕ್ಷಣ ಏಳಲಿಲ್ಲ. ಕಲ್ಲಿನ ಮೇಲೆ ಕೂತೇ, ತನಗೆ ಬಿದ್ದ ಕೂಗು ನೇತ್ರಾಳಿಗೆ ಬಿದ್ದದ್ದಕ್ಕಿಂತ ಜೋರೋ ಕಡಿಮೆಯೋ ಎಂದು ಕಿವಿಗೊಟ್ಟಳು.