ಭಾಲ್ಕಿ ಬಸ್ಸು ಬರುವವರೆಗಿನ ಪಾಠ

ಎಪ್ಪತ್ತೆರಡರ ಬರದಲ್ಲಿ ಔರಾದಿನ ಹೈಸ್ಕೂಲಿನಲ್ಲಿ ಮಕ್ಕಳಿಗಿಂತ ಬೆಂಚುಗಳೇ ಹೆಚ್ಚಾಗಿದ್ದವು. ಊರಿಗೆ ಊರೇ ಪುಣೆ, ಹೈದರಾಬಾದ್ ಎಂದು ಗುಳೆ ಎದ್ದಿತ್ತು. ಇಂಗ್ಲಿಷ್ ಕಲಿಸಲು ಬೀದರಿನ ಚಿದ್ರಿಯಿಂದ ಬಂದಿದ್ದ ಅಲಕಾಗೆ ಉಳಿದಿದ್ದ ಒಂದೇ ಆಸೆ ಎಕಂಬಾದ ಅನುಸೂಯಾ. ಈ ಹುಡುಗಿ ಮೆಟ್ರಿಕ್ ಪಾಸಾಗುವುದು ಖಂಡಿತ ಎಂದು ಅವಳು ಕಂಡಕಂಡವರಿಗೆಲ್ಲ ಹೇಳುತ್ತಿದ್ದಳು.

ಒಂದು ಸಂಜೆ ಹುಡುಗಿಯ ತಾಯಿ ಕೌಸಲ್ಯಾಬಾಯಿ ಬಂದು ಹೊಸ್ತಿಲ ಹೊರಗೇ ಕೂತಳು. ಗಂಡ ಮಚ್ಛೇಂದ್ರ ದೀಪಾವಳಿಗೆ ಮುಂಚೆ ಪುಣೆಗೆ ಹೋದವನು, ಸುದ್ದಿಯಿಲ್ಲ, ಸುಳಿವಿಲ್ಲ.

“ನಾನೂ ಹೊಂಟೀನ್ರಿ ಅಕ್ಕೋರ. ಪರೀಕ್ಷಾ ಮುಗಿಯೂ ತನಕ ಪೋರಿನ ನಿಮ್ಮ ಖೋಲ್ಯಾಗ ಇಟ್ಕೋರಿ. ಮೂಲ್ಯಾಗ ಬಿದ್ದಿರ್ತಾಳ.”

“ಇಟ್ಕೋತೇನ್ರಿ,” ಎಂದು ಅಲಕಾ ಮಾತು ಕೊಟ್ಟುಬಿಟ್ಟಳು.

ಮನೆಯೊಡತಿ ಜಾನಕಿಬಾಯಿ ಒಪ್ಪಬೇಕಲ್ಲ! “ಬಾವ್ಯಾಗ ನೀರೆಲ್ಲಿ ಅದಾವ್ರಿ? ಮ್ಯಾಲ ಆಕಿ ಯಾವ ಓಣಿಯಾಕಿ ಅನ್ನೂದು ನನಗ ಗೊತ್ತಿಲ್ಲೇನು? ಆಕಿ ಬಂದ್ರ ನೀವೂ ಖೋಲಿ ಖಾಲಿ ಮಾಡ್ರಿ.” ಉದಗೀರದಿಂದ ಬಂದಿಳಿದಿದ್ದ ಆಕೆಯ ತಮ್ಮನ ಸಂಸಾರಕ್ಕೆ ಮಾತ್ರ ಅದೇ ಬಾವಿಯಲ್ಲಿ ನೀರಿಗೆ ಬರವಿರಲಿಲ್ಲ. ಅಲಕಾ ಬೇರೆ ಮನೆಗಳಲ್ಲೂ ಕೇಳಿದಳು. ಎಲ್ಲರೂ ಮೊದಲು ಹುಡುಗಿಯ ಜಾತಿ ಕೇಳಿದರು, ಆಮೇಲೆ ನೀರಿನ ಕಷ್ಟ ಹೇಳಿದರು. ಸಿಟ್ಟು ಬಂತು, ಅಳು ಬಂತು, ಮನೆ ಮಾತ್ರ ಸಿಗಲಿಲ್ಲ.

ಭಾಲ್ಕಿಗೆ ಹೋಗಿ ರೈಲು ಹಿಡಿಯಲೆಂದು ತಾಯಿ ಮಗಳು ಬಸ್‌ಸ್ಟ್ಯಾಂಡಿಗೆ ಬಂದಾಗ ಅಲಕಾ ನಾಚಿಕೆಯಿಂದ ತಲೆ ತಗ್ಗಿಸಿ ನಿಂತಿದ್ದಳು. ಹುಡುಗಿಯೇ ಗಂಟು ಬಿಚ್ಚಿ ಪುಸ್ತಕ ತೆಗೆದಳು.

“ಅಕ್ಕೋರ, ಲೀವ್, ಡಿಪಾರ್ಟ್, ಅಬ್ಯಾಂಡನ್, ಮೂರಕ್ಕೂ ಹೋಗೂದು ಅಂತಲೇ ಬರಕೊಂಡೀನಿ. ಫರಕ್ ಏನ್ರಿ?”

ಪಾಠವೆಂದ ಕೂಡಲೇ ಅಲಕಾಗೆ ಹೋದ ಜೀವ ಬಂದಂತಾಯಿತು. “ಡಿಪಾರ್ಟ್ ಅಂದ್ರ ಬಸ್ಸು, ರೈಲು ಟೈಮಿಗೆ ಹೊರಡೂದು. ಲೀವ್ ಅಂದ್ರ ಇದ್ದ ಜಾಗ ಬಿಟ್ಟು ಹೋಗೂದು. ಸಾಲಿ ಬಿಟ್ಟು ಮನಿಗೆ ಹೋಗ್ತೀಯಲ್ಲ, ಹಂಗ. ಮತ್ತ ಬರಬಹುದು. ಅಬ್ಯಾಂಡನ್ ಅಂದ್ರ...” ನಾಲಿಗೆ ತಡವರಿಸಿತು. “ನಂಬಿದವರನ್ನ ನಡುದಾರ್ಯಾಗ ಕೈಬಿಡೂದು.”

ಹುಡುಗಿ ತಾಯಿಯ ಕಡೆ ನೋಡಿ ದನಿ ತಗ್ಗಿಸಿದಳು. “ಕೈಬಿಟ್ಟವರಿಗೆ ಅದು ಗೊತ್ತಿರ್ತದೇನ್ರಿ? ತಾವು ಕೈಬಿಟ್ಟೀವಿ ಅಂತ?”

“ಗೊತ್ತಿರ್ತದವ್ವ,” ಎಂದಳು ಅಲಕಾ.

ಹುಡುಗಿಯ ಮುಖ ಬಾಡಿತು. “ಅಂದ್ರ ಅಪ್ಪ ಬರಂಗಿಲ್ಲ.”

ಅಯ್ಯೋ, ನಾನು ಹೇಳಿದ್ದು ನನ್ನ ವಿಷಯ ಎಂದು ಅಲಕಾ ಬಾಯಿ ತೆರೆಯುವಷ್ಟರಲ್ಲಿ ಬಸ್ಸು ಬಂದು ನಿಂತು, ಕಂಡಕ್ಟರ್ ಸೀಟಿ ಊದಿದ. ಕೌಸಲ್ಯಾಬಾಯಿ ಮಗಳ ರಟ್ಟೆ ಹಿಡಿದು ಬಸ್ಸು ಹತ್ತಿಸಿದಳು. ಗಂಡ ಪುಣೆಯಲ್ಲಿ ಸಿಕ್ಕೇ ಸಿಗುತ್ತಾನೆಂದು ಅವಳು ಪಕ್ಕದವರಿಗೆ ಹೇಳುತ್ತಿದ್ದುದು ಕಿಟಕಿಯಿಂದ ಕೇಳಿಸುತ್ತಿತ್ತು.