ನಾನು ಕತ್ತರಿಸಿದ ಗಂಟೆಗಳು

ಆಫೀಸಿಗೆ ನುಗ್ಗಿದವಳೇ ಅಕ್ಕ ನನ್ನ ಕಂಪ್ಯೂಟರಿನ ಪರದೆಗೆ ಸ್ಟೂಲು ಬೀಸಿದಳು. ಎರಡನೆಯ ಏಟು ನನ್ನ ಭುಜಕ್ಕೆ ಬಿತ್ತು. ಬೀಳಲಿ, ಬೀಳಬೇಕಾದ್ದೇ.

"ನಿನ್ನ ಭಾವ ಎರಡು ಗಂಟೆಗೇ ಮನೆಗೆ ಹೋಗಿದ್ರಂತೆ. ಹಾಗಾದ್ರೆ ಐದು ಗಂಟೆಗೆ ತಗಡು ಒತ್ತೋ ಪ್ರೆಸ್ಸಿಗೆ ಸಿಕ್ಕಿ ಜಜ್ಜಿಹೋದ ಕೈ ಯಾರದ್ದೋ?"

ಈ ತಗಡಿನ ಕಾರ್ಖಾನೆಯಲ್ಲಿ ಎಲ್ಲರ ಗಂಟೆಗಳನ್ನು ಸಾಫ್ಟ್‌ವೇರಿಗೆ ತುಂಬುವವನು ನಾನೇ. ಪ್ರತಿ ಆರ್ಡರಿಗೂ ಅಂದಾಜು ಗಂಟೆ ಒಂದು ಕಡೆ, ನಿಜವಾಗಿ ಹಿಡಿದ ಗಂಟೆ ಪಕ್ಕದಲ್ಲಿ. ನಿಜವು ಅಂದಾಜನ್ನು ದಾಟಿದರೆ ಸಾಲು ಕೆಂಪಾಗುತ್ತದೆ. ನಮ್ಮ ಮಾಲೀಕನೋ, ಆರ್ಡರು ಕೈತಪ್ಪಬಾರದೆಂದು ಹತ್ತು ದಿನದ ಕೆಲಸವನ್ನು ಆರು ದಿನಕ್ಕೆ ಒಪ್ಪಿಕೊಂಡು ಬರುವ ಆಸಾಮಿ. ಸಾಲು ಕೆಂಪಾದರೆ ಮಾತ್ರ ಉಗಿಸಿಕೊಳ್ಳುವವನು ನಾನು. ಒಮ್ಮೆ ಕೀಬೋರ್ಡಿನಿಂದಲೇ ಕಪಾಳಕ್ಕೆ ಬಾರಿಸಿದ್ದ.

ಅಂದಿನಿಂದ ನಾನು ಜಾಣನಾದೆ, ನನ್ನ ಜಾಣತನಕ್ಕಿಷ್ಟು ಬೆಂಕಿ ಹಾಕ. ಬೆಳಿಗ್ಗೆ ಆರಕ್ಕೆ ಬಂದವರು ಸಂಜೆಯವರೆಗೆ ದುಡಿದರೂ ಎಂಟೇ ಗಂಟೆ ಬರೆದೆ. ಹೆಚ್ಚು ದುಡಿದ ಗಂಟೆಗಳಿಗೆ ಅವರಿಗೆ ರಜೆ ಸಿಗಬೇಕಿತ್ತು. ಕೇಳಿದರೆ ಸಾಫ್ಟ್‌ವೇರ್ ತೋರಿಸುತ್ತಿಲ್ಲ ಎಂದು ಹಲ್ಲು ಕಿರಿಯುತ್ತಿದ್ದೆ. ಈಚೆಗಂತೂ ಎರಡು ಗಂಟೆ ಹೊಡೆಯುತ್ತಲೇ ಎಲ್ಲರೂ ಮನೆಗೆ ಹೋದರೆಂದು ತುಂಬಿಬಿಡುತ್ತಿದ್ದೆ. ಭಾವನ ಕೈ ಹೋದ ದಿನವೂ ಹಾಗೇ ತುಂಬಿದ್ದೆ.

ಅಕ್ಕ ಸ್ಟೂಲು ಬಿಸುಟು ಮೂಲೆಯಲ್ಲಿ ಕುಸಿದು ಕೂತಳು. ಅಪಘಾತದ ತನಿಖೆಗೆ ಪೊಲೀಸ್ ಇನ್ಸ್‌ಪೆಕ್ಟರ್ ಬಂದಾಗ ಮಾಲೀಕ ಮೊದಲೇ ಮುದ್ರಿಸಿಟ್ಟಿದ್ದ ಆ ದಿನದ ಗಂಟೆಗಳ ಹಾಳೆಯನ್ನು ಮುಂದೆ ಹಿಡಿದ. "ನೋಡಿ ಸರ್, ಎರಡಕ್ಕೆ ಡ್ಯೂಟಿ ಮುಗಿದ ಮೇಲೆ ಇವನ ಭಾವ ಕದ್ದುಮುಚ್ಚಿ ಸ್ವಂತ ಕೆಲಸ ಮಾಡ್ಕೋತಿದ್ದ. ಅದಕ್ಕೆ ನಾವು ಹೊಣೆ ಅಲ್ಲ."

ಕಾರ್ಖಾನೆ ಹೊಣೆಯಲ್ಲವೆಂದಾದರೆ ಭಾವನಿಗೆ ಚಿಕಿತ್ಸೆಯೂ ಇಲ್ಲ, ಮುಂದೆ ಬದುಕಲು ಆಸರೆಯೂ ಇಲ್ಲ. ಮಾಲೀಕ ನನ್ನ ಹೆಗಲ ಮೇಲೆ ಪ್ರೀತಿಯಿಂದ ಎಂಬಂತೆ ಕೈಯಿಟ್ಟು ಕತ್ತಿನ ನರ ಹಿಸುಕುತ್ತಿದ್ದ. ನಾನು ಆ ಕೈಯನ್ನು ಕೊಡವಿದೆ.

"ಸುಳ್ಳು ಸರ್," ಎಂದೆ. "ಎರಡಕ್ಕೇ ಹೋದ್ರು ಅಂತ ಸುಳ್ಳು ಬರೆದದ್ದು ನಾನು. ಭಾವ ಐದರವರೆಗೂ ಇವನ ಕೆಲಸವನ್ನೇ ಮಾಡ್ತಿದ್ರು."

ಮಾಲೀಕ ನನ್ನ ಜುಟ್ಟು ಹಿಡಿದು ಮುಖವನ್ನು ಮೇಜಿಗೆ ಚಚ್ಚಿದ. ಮೂಗು ಒಡೆಯಿತು. ನಾನು ತಿರುಗಿ ಅವನ ಬೆರಳು ಕಚ್ಚಿದೆ. ಎಲುಬು ಹಲ್ಲಿಗೆ ಸಿಕ್ಕಿದರೂ ಬಿಡಲಿಲ್ಲ. ಅವನು ಹಂದಿಯ ಹಾಗೆ ಅರಚಿದ. ಇನ್ಸ್‌ಪೆಕ್ಟರ್ ನಮ್ಮಿಬ್ಬರನ್ನೂ ಎಳೆದು ಬೇರೆ ಮಾಡಿ ನನ್ನನ್ನೇ ಕೇಳಿದರು.

"ಅವತ್ತು ಒಂದಿನ ಮಾತ್ರಾನಾ ಹೀಗೆ ಬರೆದದ್ದು?"

ಬಾಗಿಲ ತುಂಬ ಹತ್ತೊಂಬತ್ತು ಕೆಲಸಗಾರರು ನಿಂತಿದ್ದರು. ರಕ್ತ ಉಗುಳಿದೆ. "ಎರಡು ವರ್ಷದಿಂದ ಸರ್. ಎಲ್ಲರದ್ದೂ."

ಇನ್ಸ್‌ಪೆಕ್ಟರ್ ಅದನ್ನು ಬರೆದುಕೊಂಡು, ನನ್ನ ಸಹಿ ಪಡೆದು, ಒಂದು ಪ್ರತಿಯನ್ನು ಅಕ್ಕನಿಗೆ ಕೊಟ್ಟು ಮಾಲೀಕನನ್ನು ಕರೆದೊಯ್ದರು. ಹತ್ತೊಂಬತ್ತು ಮಂದಿ ಹೋಗಲಿಲ್ಲ.

ಮೊದಲು ಬಂದವನು ವೆಲ್ಡರ್. ದಿನವೂ ನನ್ನ ಜೊತೆ ಕೂತು ಉಣ್ಣುತ್ತಿದ್ದವನು. "ನನ್ನ ಮಗಳು ಹುಟ್ಟಿದಾಗ ಒಂದಿನ ರಜೆ ಕೇಳಿದ್ದೆ ನಿನ್ನ," ಎಂದು ದವಡೆಗೆ ಗುದ್ದಿದ. ಆಮೇಲೆ ಯಾರು ಒದ್ದರು, ಯಾರು ತುಳಿದರು, ಗೊತ್ತಾಗಲಿಲ್ಲ. ಪಕ್ಕೆಲುಬು ಲಟಕ್ಕೆಂದದ್ದು ಮಾತ್ರ ಕೇಳಿಸಿತು. ನಾನು ಕೈ ಎತ್ತಲಿಲ್ಲ.

ಯಾರೋ ನನ್ನ ಬಲಗೈಯನ್ನು ಮೇಜಿನ ಅಂಚಿಗೆ ಒತ್ತಿ ಸ್ಟೂಲು ಎತ್ತಿದರು. ಆಗ ಅಕ್ಕ ಎದ್ದು ಬಂದಳು.

"ಬೇರೆ ಎಲ್ಲಿಗೆ ಬೇಕಾದ್ರೂ ಹೊಡೀರಿ," ಎಂದಳು. "ಕೈಗೆ ಮಾತ್ರ ಬೇಡ. ನಿಮ್ಮೆಲ್ಲರ ಎರಡು ವರ್ಷದ ಗಂಟೆಗಳನ್ನ ನಾಳೆಯಿಂದ ಇವನೇ ಕೂತು ಸರಿಯಾಗಿ ಬರೀಬೇಕು."