ಬೆಂದ ಸೇಬಿನ ಬಿಲ್ಲೆ

ಹನ್ನೊಂದು ವರ್ಷ ಬೇಯಿಸಿ ಬಡಿಸಿದರೂ ಅತ್ತೆಯ ಬಾಯಿಂದ "ಚೆನ್ನಾಗಿದೆ" ಎಂಬ ಒಂದೇ ಒಂದು ಮಾತು ಉದುರಿರಲಿಲ್ಲ. ಹಿರಿಸೊಸೆ ಅದಕ್ಕಾಗಿ ದಿನಾ ಕಾಯುತ್ತಿದ್ದಳು. ಮೊನ್ನೆ ಮೊನ್ನೆ ಬಂದ ಕಿರಿಸೊಸೆ ಜೊತೆಗೊಂದು ಓವನ್ ತಂದಳು ನೋಡಿ, ಅತ್ತೆ ಅವಳನ್ನು ಹೊಗಳಿ ಅಟ್ಟಕ್ಕೇರಿಸಿದ್ದೇ ಏರಿಸಿದ್ದು.

ಅವಳೇನು ಮಹಾ ಮಾಡುತ್ತಿದ್ದಳು? ಬಿಸಿ ಹಾಕದೆ ಓವನ್ನಿನೊಳಗಿನ ಫ್ಯಾನ್ ಮಾತ್ರ ತಿರುಗಿಸಿ ಫ್ರೀಜರಿನ ಬಟಾಣಿಯ ಮಂಜು ಬಿಡಿಸುವಳು. ಟೊಮೆಟೊ, ಸೇಬು ತೆಳ್ಳಗೆ ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ, ಸಣ್ಣ ಬಿಸಿಯಲ್ಲಿ ಆರು ಗಂಟೆ ಒಣಗಿಸಿ ಗಾಜಿನ ಜಾಡಿಗೆ ತುಂಬುವಳು. ಒದ್ದೆ ಹವೆ ಹೊರಗೆ ಹೋಗಲೆಂದು ಓವನ್ ಬಾಗಿಲಿಗೆ ಮರದ ಸೌಟು ಸಿಕ್ಕಿಸಿ ಬೆರಳಗಲ ತೆರೆದಿಡುವಳು. ಅತ್ತೆ ಬಂದವರಿಗೆಲ್ಲ ಆ ಸೌಟನ್ನೂ ತೋರಿಸಿ, "ನಮ್ಮ ಚಿಕ್ಕವಳ ತಲೆ ನೋಡಿ" ಅನ್ನುವರು. ಹಿರಿಯವಳ ಕತ್ತಿನ ಮೇಲೆ ಇದ್ದದ್ದೇನು, ಕುಂಬಳಕಾಯಿಯೇ?

ಅಂದು ಬೆಳಿಗ್ಗೆಯಂತೂ, ಹಿರಿಯವಳು ಬಡಿಸುತ್ತಿದ್ದಾಗಲೇ ಅತ್ತೆ, "ಚಿಕ್ಕವಳ ಜಾಡಿ ನೋಡಿದ್ರೇ ಹೊಟ್ಟೆ ತುಂಬುತ್ತೆ" ಎಂದುಬಿಟ್ಟರು. ಹಿರಿಯವಳ ಹೊಟ್ಟೆಗೆ ಬೆಂಕಿ ಬಿತ್ತು. ಮಧ್ಯಾಹ್ನ ಕಿರಿಯವಳು ಸೇಬಿನ ಬಿಲ್ಲೆ ಒಳಗಿಟ್ಟು ಮಲಗಲು ಹೋದದ್ದೇ ತಡ, ಇವಳು ಅತ್ತಿತ್ತ ನೋಡಿ ಸೌಟು ಎಳೆದಳು, ಬಾಗಿಲು ಮುಚ್ಚಿದಳು, ಸಾಲದೆಂದು ಬಿಸಿಯನ್ನೂ ಎರಡು ಗೆರೆ ಏರಿಸಿದಳು. ಮಾಡಿದ ಮೇಲೆ ಹಾಯೆನಿಸಿತು, ಸುಳ್ಳೇಕೆ ಹೇಳಬೇಕು.

ಸಂಜೆ ತಟ್ಟೆ ಹೊರಬಂದಾಗ ಬಿಲ್ಲೆಗಳೆಲ್ಲ ಬೆಂದು ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು.

"ಎಲ್ಲಾ ಹಾಳಾಯ್ತು ಅತ್ತೆ, ಬಿಸಾಕ್ತೀನಿ," ಎಂದಳು ಕಿರಿಯವಳು.

ಅತ್ತೆ ಒಂದನ್ನು ಬಾಯಿಗೆ ಹಾಕಿಕೊಂಡರು. ಮತ್ತೊಂದು ಹಾಕಿಕೊಂಡರು.

"ಬಿಸಾಕೋದಾ? ಎಷ್ಟು ಚೆನ್ನಾಗಿದೆ ಕಣೆ. ಈ ಕಟ್ಟಿಸಿದ ಹಲ್ಲಲ್ಲಿ ನಿನ್ನ ಒಣ ಬಿಲ್ಲೆ ಅಗಿಯೋಕಾಗ್ದೆ ಇಷ್ಟು ದಿನ ದಿಂಬಿನ ಕೆಳಗೆ ಬಚ್ಚಿಡ್ತಿದ್ದೆ. ಇದು ಬಾಯಲ್ಲಿಟ್ರೆ ಕರಗುತ್ತೆ."

"ಇದು ನಾನು ಮಾಡಿದ್ದಲ್ಲ. ಸೌಟು ಇಟ್ಟೇ ಹೋಗಿದ್ದೆ. ಯಾರೋ ಬಾಗಿಲು ಮುಚ್ಚಿದಾರೆ."

"ಯಾರಾದ್ರೂ ಆಗ್ಲಿ, ಅವರ ಕೈಗುಣಾನೇ ಕೈಗುಣ." ಅತ್ತೆ ಹಿರಿಯವಳತ್ತ ತಿರುಗಿದರು. "ನೀನೇನಮ್ಮ?"

ನಾನೇ ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ಆದರೆ ಕಿರಿಯವಳು ಕಣ್ಣಲ್ಲಿ ನೀರು ತುಂಬಿಕೊಂಡು ಇವಳನ್ನೇ ನೋಡುತ್ತಿದ್ದಳು.

"ನಂಗೇನು ಗೊತ್ತು ಅತ್ತೆ," ಎಂದಳು ಹಿರಿಯವಳು.

"ಹಾಗಾದ್ರೆ ಇವಳೇ ಮುಚ್ಚಿ ಮರೆತಿರ್ತಾಳೆ," ಎಂದು ಅತ್ತೆ ಕಿರಿಯವಳ ಬೆನ್ನು ತಟ್ಟಿದರು.